ಪಾರ್ಕಿನ್ಸನ್ ಬಂದವರೆಲ್ಲರ ಯೋಚನೆ ಒಂದೇ ಥರ ಬದಲಾಗುವುದಿಲ್ಲ

ಪಾರ್ಕಿನ್ಸನ್ ಕಾಯಿಲೆ ಅಂತ ಗೊತ್ತಾದ ಮೇಲೆ ಮನೆಯವರು ಡಾಕ್ಟರ ಮುಂದೆ ಕೇಳಲು ಹಿಂಜರಿಯುವ, ರಾತ್ರಿ ಮಲಗುವ ಮುಂಚೆ ಮೊಬೈಲಿನಲ್ಲಿ ಹುಡುಕುವ ಪ್ರಶ್ನೆ ಒಂದಿದೆ. ಮುಂದೆ ಇವರಿಗೆ ಬುದ್ಧಿ ಮಂಕಾಗುತ್ತಾ? ಉತ್ತರ ಸುಲಭವಾಗಿ ಸಿಗುತ್ತದೆ, ತೊಂದರೆ ಇರುವುದೇ ಅಲ್ಲಿ. ಒಂದು ಕಡೆ ಶೇ. 83 ಜನಕ್ಕೆ ಡಿಮೆನ್ಷಿಯಾ, ಅಂದರೆ ದಿನದ ಕೆಲಸ ತಾವೇ ಮಾಡಿಕೊಳ್ಳಲಾಗದಷ್ಟು ಬುದ್ಧಿ ಮಂಕಾಗುವುದು, ಬರುತ್ತದೆ ಅಂತ ಇರುತ್ತದೆ. ಇನ್ನೊಂದು ಕಡೆ ಶೇ. 46. ಮತ್ತೊಂದು ಕಡೆ ಶೇ. 10 ಕೂಡ ಇಲ್ಲ. ಓದಿದವರು ಯಾವುದನ್ನು ನಂಬಬೇಕು?

ಮೂರೂ ಸುಳ್ಳಲ್ಲ. ಯಾರನ್ನು, ಯಾವಾಗ ಎಣಿಸಿದರು ಅನ್ನುವುದರಲ್ಲಿ ವ್ಯತ್ಯಾಸ ಇದೆ. ಶೇ. 83 ಬಂದದ್ದು ಸಿಡ್ನಿಯ ಅಧ್ಯಯನದಿಂದ. ಅಲ್ಲಿ ಹೊಸದಾಗಿ ಕಾಯಿಲೆ ಪತ್ತೆಯಾದ 136 ಜನರನ್ನು 20 ವರ್ಷ ಗಮನಿಸಿದರು. 2008ರಲ್ಲಿ ವರದಿ ಬರುವ ಹೊತ್ತಿಗೆ ಅವರಲ್ಲಿ 100 ಮಂದಿ ತೀರಿಕೊಂಡಿದ್ದರು. ಉಳಿದವರ ಪೈಕಿ ಡಿಮೆನ್ಷಿಯಾ ಇದ್ದವರ ಪ್ರಮಾಣ ಶೇ. 83. ಅಂದರೆ ಎರಡು ದಶಕ ಕಾಯಿಲೆಯ ಜೊತೆ ಬದುಕಿ ವಯಸ್ಸಾದವರ ಲೆಕ್ಕ ಅದು. ಶೇ. 46 ಇಂಗ್ಲೆಂಡಿನ ಕೇಂಬ್ರಿಡ್ಜ್ ಸೀಮೆಯದು. ಆ ಪ್ರದೇಶದಲ್ಲಿ ಹೊಸದಾಗಿ ಕಾಯಿಲೆ ಪತ್ತೆಯಾದ 142 ಮಂದಿಯನ್ನು ಹತ್ತು ವರ್ಷ ಹಿಂಬಾಲಿಸಿದಾಗ ಸಿಕ್ಕ ಅಂದಾಜು. ಅವರಲ್ಲಿ ಹೆಚ್ಚಿನವರು ಕಾಯಿಲೆ ಬರುವಾಗಲೇ ವಯಸ್ಸಾದವರು. ಮೂರನೆಯದು 2024ರಲ್ಲಿ ಬಂದ ವರದಿ. ಹಲವು ದೇಶಗಳಿಂದ ತಾವಾಗಿ ಮುಂದೆ ಬಂದು ಅಧ್ಯಯನಕ್ಕೆ ಸೇರಿದವರಲ್ಲಿ ಹತ್ತು ವರ್ಷಕ್ಕೆ ಡಿಮೆನ್ಷಿಯಾ ಬಂದದ್ದು ಸುಮಾರು ಶೇ. 9 ಮಂದಿಗೆ. ಇವರ ಸರಾಸರಿ ವಯಸ್ಸು 62ರ ಆಸುಪಾಸು, ಓದು ಜಾಸ್ತಿ, ಆರೋಗ್ಯವೂ ಸುಮಾರಾಗಿ ಚೆನ್ನಾಗಿತ್ತು. ಅದೇ ವರದಿಯಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕ್ಲಿನಿಕ್ಕಿಗೆ ಬರುವವರ ಅಂಕಿಯೂ ಇದೆ. ಅಲ್ಲಿ ಹತ್ತು ವರ್ಷಕ್ಕೆ ಶೇ. 27, ಹದಿನೈದು ವರ್ಷಕ್ಕೆ ಅರ್ಧದಷ್ಟು.

ಹಾಗಾಗಿ ಒಂದೇ ಒಂದು ಅಂಕಿಯನ್ನು ಹಿಡಿದುಕೊಂಡು ಹೆದರುವುದರಲ್ಲೂ ಅರ್ಥ ಇಲ್ಲ, ಸಮಾಧಾನ ಪಡುವುದರಲ್ಲೂ ಅರ್ಥ ಇಲ್ಲ. ನನ್ನ ಪ್ರಕಾರ ‘ಬುದ್ಧಿ ಮಂಕಾಗುತ್ತಾ ಇಲ್ವಾ’ ಅನ್ನುವ ಪ್ರಶ್ನೆಯೇ ಸರಿಯಿಲ್ಲ. ಈ ಕಾಯಿಲೆಯಲ್ಲಿ ಯೋಚನೆಯ ಬದಲಾವಣೆ ಒಂದೇ ಬಗೆಯದಲ್ಲ. ಕೆಲವು ಬದಲಾವಣೆ ಮಾತ್ರೆಯ ಜೊತೆ ಏರಿ ಇಳಿಯುತ್ತವೆ. ಕೆಲವು ಮುಂದೆ ಬರುವುದರ ಸೂಚನೆ. ಕೆಲವಕ್ಕೂ ಪಾರ್ಕಿನ್ಸನ್‌ಗೂ ಸಂಬಂಧವೇ ಇರುವುದಿಲ್ಲ. ಇವನ್ನು ಬೇರೆ ಬೇರೆ ಮಾಡಿ ನೋಡದಿದ್ದರೆ ಸರಿಪಡಿಸಬಹುದಾದದ್ದೂ ‘ಇನ್ನೇನು, ಕಾಯಿಲೆ ಮುಂದುವರಿಯಿತು’ ಅನ್ನುವುದರ ಅಡಿಯಲ್ಲಿ ಮುಚ್ಚಿಹೋಗುತ್ತದೆ.

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯನ್ನು ಮೊದಲ ಬಾರಿ ವಿವರವಾಗಿ ಬರೆದಾಗ, ಬುದ್ಧಿಗೆ ಏನೂ ಆಗುವುದಿಲ್ಲ ಅಂತಲೇ ಬರೆದಿದ್ದರು. ಅವರು ವಿವರಿಸಿದ್ದು ಆರೇ ಆರು ಜನರನ್ನು. ಅವರಲ್ಲೂ ಕೆಲವರನ್ನು ಬೀದಿಯಲ್ಲಿ ಕಂಡದ್ದಷ್ಟೇ. ದೂರದಿಂದ ನೋಡಿದರೆ ಕಾಣುವುದು ನಡುಕ, ಬಾಗಿದ ಬೆನ್ನು, ಚಿಕ್ಕ ಚಿಕ್ಕ ಹೆಜ್ಜೆ. ಯೋಚನೆ ಕಾಣುವುದಿಲ್ಲವಲ್ಲ. ಆಮೇಲೆ ಕಾಯಿಲೆಗೆ ಪಾರ್ಕಿನ್ಸನ್ ಹೆಸರು ಇಟ್ಟ ಫ್ರಾನ್ಸಿನ ವೈದ್ಯ ಶಾರ್ಕೋ ಈ ಮಾತನ್ನು ಒಪ್ಪಲಿಲ್ಲ. ಆದರೂ ‘ಇದು ಬರೀ ಕೈಕಾಲಿನ ಕಾಯಿಲೆ’ ಅನ್ನುವ ನಂಬಿಕೆ ಬಹಳ ಕಾಲ ಉಳಿಯಿತು. 1960ರ ದಶಕದ ಕೊನೆಯಲ್ಲಿ ಲೆವೊಡೋಪಾ ಅನ್ನುವ ಔಷಧಿ ಬಂತು. ಕೈಕಾಲು ಹಿಡಿತಕ್ಕೆ ಬಂದು ಜನ ಜಾಸ್ತಿ ವರ್ಷ ಬದುಕತೊಡಗಿದ ಮೇಲೆಯೇ ಉಳಿದ ತೊಂದರೆಗಳ ಕಡೆ ಗಮನ ಹೋಯಿತು.

ಈಗ ಗೊತ್ತಿರುವ ಪ್ರಕಾರ ಬದಲಾವಣೆ ಕೊನೆಗಾಲದ್ದೂ ಅಲ್ಲ. ಕೇಂಬ್ರಿಡ್ಜ್ ಅಧ್ಯಯನದಲ್ಲಿ ಕಾಯಿಲೆ ಪತ್ತೆಯಾದ ಹೊತ್ತಿಗೇ ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ ಜನರಲ್ಲಿ ಯಾವುದೋ ಒಂದು ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಿತ್ತು. ಡಿಮೆನ್ಷಿಯಾ ಇಲ್ಲದ ಪಾರ್ಕಿನ್ಸನ್ ರೋಗಿಗಳಲ್ಲಿ ಸುಮಾರು ಶೇ. 27 ಮಂದಿಗೆ ಸಣ್ಣ ಮಟ್ಟದ ಕೊರತೆ ಇರುತ್ತದೆ ಅಂತ 2011ರಲ್ಲಿ ತಜ್ಞರ ಸಮಿತಿಯೊಂದು ಹಳೆಯ ಅಧ್ಯಯನಗಳನ್ನೆಲ್ಲ ಕೂಡಿಸಿ ಹೇಳಿತು. ‘ಸಣ್ಣ ಮಟ್ಟ’ ಅಂದರೆ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಆದರೆ ದಿನದ ಕೆಲಸ ತಾವೇ ಮಾಡಿಕೊಳ್ಳುತ್ತಾರೆ. ಇದು ಇದ್ದವರೆಲ್ಲ ಡಿಮೆನ್ಷಿಯಾಕ್ಕೆ ಹೋಗುವುದಿಲ್ಲ. ಮುಂದಿನ ಪರೀಕ್ಷೆಯಲ್ಲಿ ಮಾಮೂಲಿ ಮಟ್ಟಕ್ಕೆ ವಾಪಸ್ ಬರುವವರೂ ಇದ್ದಾರೆ.

ಹಾಗಾದರೆ ಒಳಗೆ ಏನು ನಡೆಯುತ್ತದೆ? ಮಿದುಳಿನ ಬುಡದ ಹತ್ತಿರ ಸಬ್‌ಸ್ಟಾನ್ಷಿಯಾ ನೈಗ್ರಾ ಅನ್ನುವ ಕಪ್ಪು ಛಾಯೆಯ ಜಾಗ ಇದೆ. ಅಲ್ಲಿನ ನರಕೋಶಗಳು ಡೋಪಮೈನ್ ಅನ್ನುವ ರಾಸಾಯನಿಕ ತಯಾರಿಸಿ ಸ್ಟ್ರಯೇಟಮ್ ಅನ್ನುವ ಭಾಗಕ್ಕೆ ಕಳಿಸುತ್ತವೆ. ಪಾರ್ಕಿನ್ಸನ್‌ನಲ್ಲಿ ಸಾಯುವುದು ಈ ಕೋಶಗಳು. ಸ್ಟ್ರಯೇಟಮ್ ಬರೀ ಚಲನೆಯ ಕೇಂದ್ರ ಅಂತ ಹಿಂದೆ ಅಂದುಕೊಂಡಿದ್ದರು. 1986ರಲ್ಲಿ ಅಲೆಕ್ಸಾಂಡರ್, ಡಿಲಾಂಗ್ ಮತ್ತು ಸ್ಟ್ರಿಕ್ ಎಂಬ ಮೂವರು ವಿಜ್ಞಾನಿಗಳು ಇಲ್ಲಿಂದ ಮಿದುಳಿನ ಮುಂಭಾಗಕ್ಕೆ ಹೋಗಿ ಬರುವ ಐದು ಸಮಾನಾಂತರ ದಾರಿಗಳನ್ನು ಗುರುತಿಸಿದರು. ಒಂದು ಚಲನೆಯದು, ಇನ್ನೊಂದು ಕಣ್ಣಿನ ಚಲನೆಯದು. ಉಳಿದ ಮೂರಕ್ಕೆ ಕೈಕಾಲಿನ ಸಂಬಂಧವೇ ಇಲ್ಲ. ಯೋಜನೆ ಹಾಕುವುದು, ಲಾಭ ನಷ್ಟ ತೂಗುವುದು, ಕೆಲಸ ಶುರು ಮಾಡುವ ಹುಮ್ಮಸ್ಸು ಇವೆಲ್ಲ ಆ ದಾರಿಗಳಲ್ಲಿ ಬರುತ್ತವೆ. ಡೋಪಮೈನ್ ಕಡಿಮೆಯಾದರೆ ಇವಕ್ಕೂ ಪೆಟ್ಟು ಬೀಳಲೇಬೇಕು, ಅಲ್ವಾ?

ಈ ಬಗೆಯ ಬದಲಾವಣೆ ಮನೆಯಲ್ಲಿ ಹೇಗೆ ಕಾಣುತ್ತದೆ ಅನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ರೋಗಿಯೊಬ್ಬರು ಕರೆಂಟ್ ಬಿಲ್ ಕಟ್ಟಲು ಕೂತಿದ್ದಾರೆ. ಬಿಲ್ ಅಂದರೇನು, ಎಷ್ಟು ಕಟ್ಟಬೇಕು, ಎಲ್ಲ ಗೊತ್ತು. ಮಧ್ಯೆ ಫೋನ್ ಬರುತ್ತದೆ. ಮಾತಾಡಿ ಮುಗಿಸಿ ವಾಪಸ್ ಬಂದಾಗ ಎಲ್ಲಿಗೆ ನಿಲ್ಲಿಸಿದ್ದೆ ಅನ್ನುವುದು ಕೈಗೆ ಸಿಗುವುದಿಲ್ಲ. ಮೊದಲಿಂದ ಶುರು ಮಾಡುತ್ತಾರೆ. ಹಳೆಯ ಪರಿಚಯದವರ ಹೆಸರು ಕೇಳಿದರೆ ‘ಗೊತ್ತು, ಬಾಯಿಗೆ ಬರ್ತಿಲ್ಲ’ ಅನ್ನುತ್ತಾರೆ. ಮೊದಲ ಅಕ್ಷರ ಹೇಳಿಕೊಟ್ಟರೆ ಥಟ್ಟನೆ ಹೇಳುತ್ತಾರೆ. ನೆನಪು ಒಳಗೆ ಇದೆ, ಹೊರಗೆ ತೆಗೆಯುವುದು ಕಷ್ಟ. ಅಲ್ಜೈಮರ್‌ನಲ್ಲಿ ಸಾಮಾನ್ಯವಾಗಿ ಹೀಗಲ್ಲ. ಅಲ್ಲಿ ಹೊಸ ವಿಷಯ ಒಳಗೆ ಸೇರುವುದೇ ಇಲ್ಲ. ಹಾಗಾಗಿ ಸುಳಿವು ಕೊಟ್ಟರೂ ಅಷ್ಟು ಉಪಯೋಗ ಆಗುವುದಿಲ್ಲ. ಈ ಒಂದು ವ್ಯತ್ಯಾಸ ಮನೆಯವರಿಗೆ ಗೊತ್ತಿದ್ದರೂ ಎಷ್ಟೋ ಸಿಡಿಮಿಡಿ ತಪ್ಪುತ್ತದೆ.

ಡೋಪಮೈನ್ ಕೊರತೆಯಿಂದ ಆದದ್ದು ಅಂದಮೇಲೆ ಡೋಪಮೈನ್ ಹೆಚ್ಚಿಸುವ ಲೆವೊಡೋಪಾ ಥರದ ಮಾತ್ರೆ ಕೊಟ್ಟರೆ ಸರಿಹೋಗಬೇಕಲ್ಲ? ಭಾಗಶಃ ಹೌದು. ಇಲ್ಲಿಯೇ ವಿಷಯ ಸ್ವಾರಸ್ಯವಾಗುವುದು. ಸ್ಟ್ರಯೇಟಮ್‌ನ ಎಲ್ಲ ಭಾಗಗಳಲ್ಲಿ ಡೋಪಮೈನ್ ಒಂದೇ ಸಮ ಕಡಿಮೆಯಾಗುವುದಿಲ್ಲ. ಚಲನೆಗೆ ಸಂಬಂಧಪಟ್ಟ ಹಿಂಬದಿ ಮೊದಲು ಬತ್ತುತ್ತದೆ. ಯೋಜನೆಗೆ ಸಂಬಂಧಪಟ್ಟದ್ದು ಆಮೇಲೆ. ಲಾಭ ನಷ್ಟ, ಆಸೆ, ಬಹುಮಾನ ಇವಕ್ಕೆ ಸಂಬಂಧಪಟ್ಟ ಕೆಳಭಾಗ ಶುರುವಿನ ವರ್ಷಗಳಲ್ಲಿ ಬಹುಪಾಲು ಚೆನ್ನಾಗಿಯೇ ಇರುತ್ತದೆ. ಮಾತ್ರೆ ಮಾತ್ರ ಎಲ್ಲ ಕಡೆಗೂ ಹೋಗುತ್ತದೆ. ಕೊನೆಯ ಗದ್ದೆ ಒಣಗಿದೆ ಅಂತ ತೂಬು ಪೂರ್ತಿ ಎತ್ತಿದರೆ ಮೊದಲ ಗದ್ದೆಯಲ್ಲಿ ನೀರು ನಿಂತು ಪೈರು ಕೊಳೆಯುತ್ತದಲ್ಲ, ಹಾಗೆ. 1988ರಲ್ಲಿ ಗೋಥಮ್, ಬ್ರೌನ್, ಮಾರ್ಸ್‌ಡೆನ್ ಅನ್ನುವ ಸಂಶೋಧಕರು ಈ ವಿವರಣೆಯನ್ನು ಮುಂದಿಟ್ಟರು. ನಂತರದ ಪ್ರಯೋಗಗಳಲ್ಲೂ ಅದು ಕಂಡುಬಂತು. ಮಾತ್ರೆ ತೆಗೆದುಕೊಂಡಾಗ ಒಂದು ಕೆಲಸದಿಂದ ಇನ್ನೊಂದಕ್ಕೆ ಗಮನ ತಿರುಗಿಸುವುದು ಸುಧಾರಿಸುತ್ತದೆ. ಅದೇ ಮಾತ್ರೆಯಿಂದ, ‘ನಿನ್ನೆವರೆಗೆ ಲಾಭ ಕೊಡುತ್ತಿದ್ದದ್ದು ಇವತ್ತು ನಷ್ಟ ಕೊಡುತ್ತಿದೆ’ ಅನ್ನುವುದನ್ನು ಗುರುತಿಸಿ ದಾರಿ ಬದಲಿಸುವುದು ಕಷ್ಟವಾಗಬಹುದು.

ಇದು ಬರೀ ಲ್ಯಾಬಿನ ಆಟ ಅಂದುಕೊಳ್ಳಬೇಡಿ. ಡೋಪಮೈನ್‌ನ ಹಾಗೆಯೇ ಕೆಲಸ ಮಾಡುವ ಪ್ರಮಿಪೆಕ್ಸೋಲ್, ರೋಪಿನಿರೋಲ್ ಥರದ ಮಾತ್ರೆಗಳನ್ನು ತೆಗೆದುಕೊಳ್ಳುವ ಕೆಲವರಿಗೆ ಜೂಜು, ವಿಪರೀತ ಖರೀದಿ, ಮಿತಿಮೀರಿದ ಲೈಂಗಿಕ ಆಸಕ್ತಿ, ಸಿಕ್ಕಿದ್ದೆಲ್ಲ ತಿನ್ನುವ ಚಟ ಅಂಟಿಕೊಳ್ಳುತ್ತದೆ. ಅಮೆರಿಕ ಮತ್ತು ಕೆನಡಾದ 3,090 ರೋಗಿಗಳ ಮೇಲೆ ನಡೆಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಈ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಲ್ಲಿ ಶೇ. 17 ಮಂದಿಗೆ ಇಂಥ ತೊಂದರೆ ಇತ್ತು. ತೆಗೆದುಕೊಳ್ಳದವರಲ್ಲಿ ಶೇ. 7ರಷ್ಟು. ಜೀವಮಾನವಿಡೀ ಕೈ ಬಿಗಿ ಹಿಡಿದು ಬದುಕಿದವರು ಇದ್ದಕ್ಕಿದ್ದಂತೆ ಆನ್‌ಲೈನ್ ಜೂಜಿಗೆ ಬಿದ್ದರೆ ಮನೆಯವರಿಗೆ ಅದು ಮಾತ್ರೆಯ ಕೆಲಸ ಅಂತ ಹೊಳೆಯುವುದೇ ಇಲ್ಲ. ಮಾನ ಮರ್ಯಾದೆಯ ಪ್ರಶ್ನೆ ಮಾಡಿಕೊಂಡು ಮುಚ್ಚಿಡುತ್ತಾರೆ. ಡೋಸ್ ಇಳಿಸಿದರೆ ಅಥವಾ ಔಷಧಿ ಬದಲಿಸಿದರೆ ಹೆಚ್ಚಿನವರಲ್ಲಿ ಇದು ಕಡಿಮೆಯಾಗುತ್ತದೆ. ಆದರೆ ಡಾಕ್ಟರ್ ಹೇಳದೆ ಮಾತ್ರೆ ಸಡನ್ನಾಗಿ ನಿಲ್ಲಿಸಬಾರದು, ಅದರಿಂದ ಬೇರೆ ಅಪಾಯ ಇದೆ. ಮಾತ್ರೆ ಬರೆದುಕೊಡುವ ದಿನವೇ ಈ ಎಚ್ಚರಿಕೆಯನ್ನು ರೋಗಿಗೆ ಮಾತ್ರ ಅಲ್ಲ, ಜೊತೆಗೆ ಬಂದವರಿಗೂ ಹೇಳಬೇಕು. ಹೇಳದಿರುವುದಕ್ಕೆ ನನಗಂತೂ ಯಾವ ಸಬೂಬೂ ಕಾಣುವುದಿಲ್ಲ.

ಈಗ ಎರಡನೇ ಬಗೆಯ ಬದಲಾವಣೆಗೆ, ಅಂದರೆ ಮುಂದೆ ಬರುವುದರ ಸೂಚನೆಗೆ ಬರೋಣ. ಕೇಂಬ್ರಿಡ್ಜ್ ತಂಡ ತಮ್ಮ ರೋಗಿಗಳಿಗೆ ಕೊಟ್ಟ ಪರೀಕ್ಷೆಗಳಲ್ಲಿ ಎರಡು ತುಂಬ ಸರಳ. ಒಂದು, ನಿಗದಿತ ಹೊತ್ತಿನೊಳಗೆ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತೀರಿ ಅನ್ನುವುದು. ಇನ್ನೊಂದು, ಒಂದರ ಮೇಲೊಂದು ಹಾಯ್ದುಹೋಗುವ ಎರಡು ಪಂಚಭುಜಗಳ ಚಿತ್ರ ನೋಡಿಕೊಂಡು ಹಾಗೇ ಬರೆಯುವುದು. ಕಾಗದದ ಮೇಲೆ ಕೆಲವರ ಗೆರೆ ನಡುಗಿರುತ್ತದೆ, ಆದರೆ ಐದು ಮೂಲೆ ಇರುತ್ತದೆ, ಎರಡೂ ಸರಿಯಾದ ಜಾಗದಲ್ಲಿ ಕೂಡುತ್ತವೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಇನ್ನು ಕೆಲವರದು ಗೆರೆ ನೇರವಾಗಿರುತ್ತದೆ, ಆದರೆ ಒಂದು ಆಕಾರಕ್ಕೆ ನಾಲ್ಕೇ ಮೂಲೆ, ಎರಡೂ ಪಕ್ಕ ಪಕ್ಕ ನಿಂತಿವೆ, ಒಂದರೊಳಗೆ ಒಂದು ಸೇರಿಯೇ ಇಲ್ಲ. ತಂಡ ಗಮನಿಸಿದ್ದು ಈ ಎರಡನೆಯವರನ್ನು. ಶುರುವಿನಲ್ಲಿ ಈ ಎರಡು ಪರೀಕ್ಷೆಗಳಲ್ಲಿ ಹಿಂದೆ ಬಿದ್ದವರಿಗೆ, ವಯಸ್ಸಾದವರಿಗೆ, ಟಾವ್ ಅನ್ನುವ ಪ್ರೋಟೀನಿನ ವಂಶವಾಹಿಯಲ್ಲಿ ಒಂದು ನಿರ್ದಿಷ್ಟ ರೂಪ ಇದ್ದವರಿಗೆ ಡಿಮೆನ್ಷಿಯಾ ಬೇಗ ಬಂತು. ಯೋಜನೆ ಹಾಕುವ ಪರೀಕ್ಷೆಯಲ್ಲಿ ಮಾತ್ರ ಹಿಂದೆ ಬಿದ್ದವರಿಗೆ ಅಂಥ ಹೆಚ್ಚಿನ ಅಪಾಯ ಕಾಣಲಿಲ್ಲ.

ಇದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಬಿಲ್ ಕಟ್ಟುವಾಗ ತಡವರಿಸಿದವರನ್ನು ನೋಡಿ ಮನೆಯವರು ಹೆದರುತ್ತಾರೆ. ನಿಜವಾಗಿ ಗಮನ ಕೊಡಬೇಕಾದ ಲಕ್ಷಣಗಳು ಬೇರೆಯೇ ಇರಬಹುದು. ಪರಿಚಿತ ಜಾಗದಲ್ಲಿ ದಾರಿ ತಪ್ಪುವುದು. ಕುರ್ಚಿಯ ಅಂದಾಜು ಸಿಗದೆ ಅಂಚಿನಲ್ಲಿ ಕೂರುವುದು. ಕೋಣೆಯಲ್ಲಿ ಯಾರೋ ಇದ್ದಾರೆ ಅನ್ನಿಸುವುದು, ಇಲ್ಲದ ಬೆಕ್ಕು ನಾಯಿ ಮಕ್ಕಳು ಕಾಣುವುದು. ಇವುಗಳ ಹಿಂದೆ ಡೋಪಮೈನ್ ಅಷ್ಟೇ ಇರುವುದಿಲ್ಲ. ಲೂಯಿ ಬಾಡಿ ಅನ್ನುವ ಪ್ರೋಟೀನ್ ಮುದ್ದೆಗಳು ಮಿದುಳಿನ ಹೊರಪದರಕ್ಕೂ ಹರಡಿರುತ್ತವೆ. ಎಷ್ಟೋ ಜನರಲ್ಲಿ ಅಲ್ಜೈಮರ್‌ನಲ್ಲಿ ಕಾಣುವ ಬದಲಾವಣೆಯೂ ಜೊತೆಗೆ ಸೇರಿರುತ್ತದೆ. ಅಸಿಟೈಲ್‌ಕೋಲಿನ್ ಅನ್ನುವ ಇನ್ನೊಂದು ರಾಸಾಯನಿಕ ತಯಾರಿಸುವ ಕೋಶಗಳು ಕಡಿಮೆಯಾಗಿರುತ್ತವೆ. ಅದಕ್ಕೇ ಈ ಹಂತದಲ್ಲಿ ಕೊಡುವ ಔಷಧಿಯೂ ಬೇರೆ. 541 ರೋಗಿಗಳ ಮೇಲೆ ನಡೆದ ರಿವಾಸ್ಟಿಗ್ಮಿನ್ ಅನ್ನುವ ಔಷಧಿಯ ಪ್ರಯೋಗದ ವರದಿ 2004ರಲ್ಲಿ ಬಂದು, 2006ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಲಾಭ ಇದೆ, ಆದರೆ ಸಾಧಾರಣ. ಸ್ಪಷ್ಟವಾಗಿ ಸುಧಾರಿಸಿದವರು ಶೇ. 20ರಷ್ಟು, ಹೋಲಿಕೆಗೆ ಅಂತ ಔಷಧಿ ಇಲ್ಲದ ಸಪ್ಪೆ ಮಾತ್ರೆ ಕೊಟ್ಟವರಲ್ಲೂ ಶೇ. 14.5 ಮಂದಿ ಸುಧಾರಿಸಿದ್ದರು. ವಾಕರಿಕೆ, ಕೆಲವರಿಗೆ ನಡುಕ ಜಾಸ್ತಿಯಾಗುವುದು ಅಡ್ಡ ಪರಿಣಾಮಗಳು.

ಕೈಕಾಲಿನ ತೊಂದರೆಗಿಂತ ಮುಂಚೆ, ಅಥವಾ ಅದು ಶುರುವಾದ ಒಂದು ವರ್ಷದೊಳಗೆ ಡಿಮೆನ್ಷಿಯಾ ಬಂದರೆ ಅದನ್ನು ಲೂಯಿ ಬಾಡಿ ಡಿಮೆನ್ಷಿಯಾ ಅನ್ನುತ್ತಾರೆ. ಆಮೇಲೆ ಬಂದರೆ ಪಾರ್ಕಿನ್ಸನ್ ಡಿಮೆನ್ಷಿಯಾ. ಒಂದು ವರ್ಷ ಅನ್ನುವ ಈ ಗಡಿ ಮನುಷ್ಯರು ಎಳೆದ ಗೆರೆ, ಮಿದುಳಿಗೆ ಅದು ಗೊತ್ತಿಲ್ಲ.

ಯಾರಿಗೆ ಅಪಾಯ ಜಾಸ್ತಿ ಅನ್ನುವುದರಲ್ಲಿ ವಯಸ್ಸಿಗೇ ಮೊದಲ ಸ್ಥಾನ. ಜಿಬಿಎ ವಂಶವಾಹಿಯಲ್ಲಿ ದೋಷ ಇರುವವರಲ್ಲಿ ಯೋಚನೆ ಬೇಗ ಕುಂದುತ್ತದೆ. ಎಲ್‌ಆರ್‌ಆರ್‌ಕೆ2 ದೋಷ ಇರುವವರಲ್ಲಿ ಸಾಮಾನ್ಯವಾಗಿ ಅಷ್ಟು ಇಲ್ಲ. ನಿದ್ದೆಯಲ್ಲಿ ಕನಸಿಗೆ ತಕ್ಕಂತೆ ಕೈಕಾಲು ಬೀಸುವವರು, ಎದ್ದು ನಿಂತಾಗ ಬಿಪಿ ಸರ್‍ರನೆ ಇಳಿಯುವವರು, ನಡುಕಕ್ಕಿಂತ ನಡಿಗೆ ಮತ್ತು ಸಮತೋಲನದ ತೊಂದರೆ ಜಾಸ್ತಿ ಇರುವವರು ಇವರ ಮೇಲೂ ಕಣ್ಣಿಡಬೇಕು. ಇವೆಲ್ಲ ಸಾಧ್ಯತೆಗಳು ಮಾತ್ರ.

ಪಾರ್ಕಿನ್ಸನ್ ಒಂದೇ ಅಲ್ಲ. ಹಂಟಿಂಗ್ಟನ್ ಕಾಯಿಲೆಯಲ್ಲಿ ಕೈಕಾಲು ಕುಣಿಯುವುದಕ್ಕೆ ಎಷ್ಟೋ ವರ್ಷ ಮುಂಚೆಯೇ ಗಮನ, ವೇಗ, ಸಿಟ್ಟಿನ ಮೇಲಿನ ಹಿಡಿತ ಬದಲಾಗಬಹುದು. ಚಲನೆಯನ್ನು ತಿದ್ದುವುದಷ್ಟೇ ಕೆಲಸ ಅಂದುಕೊಂಡಿದ್ದ, ಮಿದುಳಿನ ಹಿಂಭಾಗದ ಸೆರೆಬೆಲ್ಲಮ್‌ಗೆ ಪೆಟ್ಟಾದವರಲ್ಲೂ ಯೋಜನೆ, ಮಾತು, ಭಾವನೆ ಏರುಪೇರಾಗುತ್ತದೆ ಅಂತ 1998ರಲ್ಲಿ ಶ್ಮಾಮನ್ ಮತ್ತು ಶರ್ಮನ್ ತೋರಿಸಿಕೊಟ್ಟರು.

ಇಷ್ಟೆಲ್ಲ ಹೇಳಿದ ಮೇಲೆ ತದ್ವಿರುದ್ಧವಾದ ಇನ್ನೊಂದು ಮಾತನ್ನೂ ಹೇಳಬೇಕು. ಯೋಚನೆ ಚೆನ್ನಾಗಿಯೇ ಇದ್ದು, ಮಂಕಾಗಿದೆ ಅಂತ ಬೇರೆಯವರು ತೀರ್ಮಾನಿಸಿಬಿಡುವುದು ಈ ಕಾಯಿಲೆಯಲ್ಲಿ ದಿನನಿತ್ಯದ ಅನ್ಯಾಯ. ಮುಖದ ಸ್ನಾಯುಗಳು ಬಿಗಿದಿರುತ್ತವೆ, ನಗು ಬಂದರೂ ಮುಖದಲ್ಲಿ ಕಾಣುವುದಿಲ್ಲ. ದನಿ ತಗ್ಗಿರುತ್ತದೆ. ಪ್ರಶ್ನೆ ಕೇಳಿದ ಮೇಲೆ ಬಾಯಿ ತೆರೆಯಲು ಕೆಲವು ಸೆಕೆಂಡ್ ಬೇಕು. ಆ ಸೆಕೆಂಡುಗಳಲ್ಲಿ ಪಕ್ಕದಲ್ಲಿ ಕೂತವರು ಉತ್ತರ ಹೇಳಿ ಮುಗಿಸಿರುತ್ತಾರೆ. ‘ರಾತ್ರಿ ನಿದ್ದೆ ಬರುತ್ತಾ?’ ಅಂತ ಡಾಕ್ಟರ್ ಕೇಳಿದ್ದು ರೋಗಿಯನ್ನು, ‘ಇಲ್ಲ ಡಾಕ್ಟ್ರೇ, ಇವ್ರಿಗೆ ನಿದ್ದೆನೇ ಇಲ್ಲ’ ಅಂದಿದ್ದು ಮಗ. ಆಮೇಲೆ ಡಾಕ್ಟರ್ ಕೂಡ ಮಗನ ಕಡೆಯೇ ತಿರುಗಿ ಮಾತಾಡುತ್ತಾರೆ. ಹೀಗೆ ಮೂರು ಸಲ ಆದರೆ ರೋಗಿ ಮಾತಾಡುವುದನ್ನೇ ಬಿಡುತ್ತಾರೆ. ಬಿಟ್ಟದ್ದನ್ನು ನೋಡಿ ‘ಮೊದಲಿನ ಹಾಗೆ ಇಲ್ಲ’ ಅನ್ನುತ್ತಾರೆ.

ಪರೀಕ್ಷೆಗಳೂ ಮೋಸ ಮಾಡುತ್ತವೆ. ಬಹಳ ಕಡೆ ಬಳಸುವ ಮೋಕಾ ಪರೀಕ್ಷೆಯಲ್ಲಿ 30 ಅಂಕ, 26ಕ್ಕಿಂತ ಕಡಿಮೆ ಬಂದರೆ ಸಂಶಯ. ಅದರಲ್ಲಿ ಗಡಿಯಾರ ಬರೆಯಬೇಕು, ಘನಾಕೃತಿ ಬರೆಯಬೇಕು, ಗೆರೆ ಎಳೆದು ಅಂಕಿ ಅಕ್ಷರ ಜೋಡಿಸಬೇಕು. ಕೈ ಬಿಗಿದವರಿಗೆ ಇದು ತಲೆಯ ಪರೀಕ್ಷೆಯೋ ಕೈಯ ಪರೀಕ್ಷೆಯೋ? ಹೊತ್ತು ಇಟ್ಟು ಮಾಡುವ ಪರೀಕ್ಷೆಗಳಲ್ಲಿ ಕೈ ನಿಧಾನವಾದದ್ದೂ ಯೋಚನೆಯ ಖಾತೆಗೇ ಸೇರಿಬಿಡುತ್ತದೆ. 12 ವರ್ಷಕ್ಕಿಂತ ಜಾಸ್ತಿ ಓದದವರಿಗೆ ಒಂದು ಅಂಕ ಸೇರಿಸುತ್ತಾರೆ. ಶಾಲೆಯ ಮೆಟ್ಟಿಲನ್ನೇ ಹತ್ತದವರಿಗೆ ಆ ಒಂದು ಅಂಕ ಏನೇನೂ ಸಾಲದು.

ಇನ್ನು ಕಾಯಿಲೆಯದಲ್ಲದ ಕಾರಣಗಳು. ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಅಸಿಟೈಲ್‌ಕೋಲಿನ್‌ಗೆ ಅಡ್ಡಗಾಲು ಹಾಕುತ್ತದೆ. ಮೊದಲೇ ಅದು ಕಡಿಮೆ ಇರುವ ವಯಸ್ಸಾದವರಿಗೆ ಇದರಿಂದ ಮರೆವು, ಗೊಂದಲ ಬರಬಹುದು. ಮೂತ್ರದ ತೊಂದರೆಗೆ ಕೊಡುವ ಆಕ್ಸಿಬ್ಯುಟಿನಿನ್, ಅಲರ್ಜಿಗೆ, ನಿದ್ದೆಗೆ ಅಂಗಡಿಯಲ್ಲಿ ಸಿಗುವ ಕೆಲವು ಹಳೆಯ ಮಾತ್ರೆಗಳೂ ಇದೇ ಜಾತಿ. ಬೇರೆ ಬೇರೆ ಡಾಕ್ಟರು ಬರೆದುಕೊಟ್ಟ ಇವೆಲ್ಲ ಒಂದೇ ಡಬ್ಬಿಯಲ್ಲಿ ಸೇರಿರುತ್ತವೆ, ಒಟ್ಟಿಗೆ ಯಾರೂ ನೋಡಿರುವುದಿಲ್ಲ. ಖಿನ್ನತೆ ಇದ್ದರೂ ನೆನಪು ಕೈಕೊಡುತ್ತದೆ. ನಿದ್ದೆಗೆಟ್ಟರೂ ಅಷ್ಟೇ. ಲೆವೊಡೋಪಾವನ್ನು ಬಹಳ ವರ್ಷ ತೆಗೆದುಕೊಂಡವರಲ್ಲಿ ಬಿ12 ಕಡಿಮೆಯಾಗಬಹುದು, ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಎರಡು ಮೂರು ದಿನದಲ್ಲಿ ಇದ್ದಕ್ಕಿದ್ದಂತೆ ಗೊಂದಲ ಜಾಸ್ತಿಯಾದರೆ ಪಾರ್ಕಿನ್ಸನ್ ಮುಂದುವರಿಯಿತು ಅಂದುಕೊಂಡು ಸುಮ್ಮನಿರಬಾರದು. ಈ ಕಾಯಿಲೆ ಅಷ್ಟು ವೇಗವಾಗಿ ಓಡುವುದಿಲ್ಲ. ಮೂತ್ರದ ಸೋಂಕು, ಎದೆಯ ಸೋಂಕು, ನೀರಿನಂಶದ ಕೊರತೆ, ಹೊಸ ಔಷಧಿ ಇವನ್ನು ಅವತ್ತೇ ನೋಡಿಸಬೇಕು.

ಕೆಲವು ಕಡೆ ಯೋಚನೆ ಮತ್ತು ಚಲನೆ ಒಂದನ್ನೊಂದು ಎಳೆದಾಡುತ್ತವೆ. ನಡೆಯುವುದು ನಮಗೆ ಗಮನವಿಲ್ಲದೆ ಆಗುವ ಕೆಲಸ. ಪಾರ್ಕಿನ್ಸನ್ ಇರುವವರು ಪ್ರತಿ ಹೆಜ್ಜೆಗೂ ಗಮನ ಖರ್ಚು ಮಾಡುತ್ತಿರುತ್ತಾರೆ. ಆಗ ಪಕ್ಕದವರು ಏನೋ ಕೇಳಿದರೆ ಒಂದೋ ಮಾತು ನಿಲ್ಲುತ್ತದೆ, ಇಲ್ಲವೇ ಕಾಲು ನೆಲಕ್ಕೆ ಅಂಟಿಕೊಂಡ ಹಾಗಾಗುತ್ತದೆ. ರಸ್ತೆ ದಾಟುವಾಗ, ಮೆಟ್ಟಿಲು ಇಳಿಯುವಾಗ ಮಾತಾಡಿಸದಿರುವುದು ಬೀಳುವುದನ್ನು ತಪ್ಪಿಸುವ ಖರ್ಚಿಲ್ಲದ ಉಪಾಯ. ಮಿದುಳಿಗೆ ತಂತಿ ಇಳಿಸುವ ಡಿಬಿಎಸ್ ಶಸ್ತ್ರಚಿಕಿತ್ಸೆಯ ತೀರ್ಮಾನವೂ ಇಲ್ಲಿಗೇ ತಾಗುತ್ತದೆ. ಅದು ನಡುಕ, ಬಿಗಿತಕ್ಕೆ ಒಳ್ಳೆಯದು. ಆದರೆ ಆಮೇಲೆ ಪದಗಳು ಸರಾಗವಾಗಿ ಬಾಯಿಗೆ ಬರುವುದು ಸ್ವಲ್ಪ ಕಡಿಮೆಯಾಗುವುದು ಸಾಮಾನ್ಯ. ಡಿಮೆನ್ಷಿಯಾ ಇರುವವರಿಗೆ ಸಾಧಾರಣವಾಗಿ ಈ ಚಿಕಿತ್ಸೆ ಮಾಡುವುದಿಲ್ಲ. ಹಾಗಾಗಿ ಶಸ್ತ್ರಚಿಕಿತ್ಸೆಗೆ ಮುಂಚೆ ಯೋಚನೆಯ ವಿವರವಾದ ಪರೀಕ್ಷೆ ಆಗಲೇಬೇಕು.

ಉಳಿದವರಿಗೂ ಕಾಯಿಲೆ ಪತ್ತೆಯಾದ ಹೊಸದರಲ್ಲೇ ಒಂದು ಪರೀಕ್ಷೆ ಮಾಡಿಸಿ ಅಂಕ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಮುಂದೆ ಹೋಲಿಸಿ ನೋಡಲು ಅವರದೇ ಹಳೆಯ ಅಂಕ ಇರುತ್ತದೆ. ಅಂಕದ ಪಕ್ಕದಲ್ಲಿ ಕೊನೆಯ ಮಾತ್ರೆ ಎಷ್ಟು ಗಂಟೆಗೆ ತೆಗೆದುಕೊಂಡಿದ್ದರು ಅನ್ನುವುದನ್ನೂ ಬರೆಸಿ. ಮಾತ್ರೆಯ ಪ್ರಭಾವ ಇಳಿದ ಹೊತ್ತಿನಲ್ಲಿ ಕೆಲವರಿಗೆ ಕೈಕಾಲಿನ ಜೊತೆ ಯೋಚನೆಯೂ ನಿಧಾನವಾಗುತ್ತದೆ, ಕಳವಳವೂ ಬರುತ್ತದೆ. ಮೊದಲ ಸಲ ಮಾತ್ರೆ ಹತ್ತಿದಾಗ, ಎರಡನೇ ಸಲ ಇಳಿದಾಗ ಪರೀಕ್ಷೆ ಮಾಡಿದರೆ ಎರಡು ಅಂಕಗಳನ್ನು ಪಕ್ಕದಲ್ಲಿಟ್ಟು ನೋಡಲು ಬರುವುದಿಲ್ಲ.